ವರ್ಷವಿಡೀ ಕೂತು ನೋಡಲು ಕಾಡಿನಲ್ಲೊಂದು ಜಾಗ: ಸೊಪ್ಪಿನ ಬೆಟ್ಟವೋ, ರಾಮಪತ್ರೆ ಜಡ್ಡಿಯೋ, ಗುಡ್ಡದ ನೆತ್ತಿಯೋ?

ಬೆಟ್ಟದಂಚು

ಊರು ಉತ್ತರ ಕನ್ನಡದ ಸಿದ್ದಾಪುರ ತಾಲೂಕು. ಒಂದೇ ಜಾಗದಲ್ಲಿ ವಾರಕ್ಕೊಮ್ಮೆ ಬೆಳಿಗ್ಗೆ ಒಂದು ತಾಸು ಕೂರಬೇಕು, ಈ ಮೃಗಶಿರದಿಂದ ಮುಂದಿನ ರೋಹಿಣಿವರೆಗೆ ಏನೇನು ಬದಲಾಗುತ್ತದೆ ಅಂತ ಬರೆದಿಡಬೇಕು. ಮರ, ಹಕ್ಕಿ, ಹುಳ, ಅಣಬೆ, ನೀರು ಎಲ್ಲವೂ. ಮೂರು ಜಾಗ ಕಣ್ಣಿಗೆ ಬಿದ್ದಿವೆ.

ಅ) ತೋಟದ ಅಗಳ ದಾಟಿದರೆ ಸಿಗುವ ಸೊಪ್ಪಿನ ಬೆಟ್ಟ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು. ನಡೆದರೆ 10 ನಿಮಿಷ. ಮತ್ತಿ, ಹೊನ್ನೆ, ನಂದಿ, ಕಿಂದಳ, ಕೌಲು ಇವೆ. ಮೇಲಕ್ಕೆ ಹೋದರೆ ಬ್ಯಾಣ (ಹುಲ್ಲುಗಾವಲು), ಕೆಳಗೆ ಸಣ್ಣ ಹಳ್ಳ. ನೋಡೋಕೆ ಅಂಥ ಚೆಂದ ಏನಿಲ್ಲ.

ಆ) ಕಾನಿನೊಳಗಿನ ರಾಮಪತ್ರೆ ಜಡ್ಡಿ, ಅಂದರೆ ದಟ್ಟ ಕಾಡಿನ ನಡುವೆ ರಾಮಪತ್ರೆ ಮರಗಳಿರುವ ಜೌಗು ನೆಲ. ನಡಿಗೆ ಒಂದು ತಾಸು. ಜಾಗ ಅಂದರೆ ಇದು ಅನ್ನಿಸುವಂಥದ್ದು.

ಇ) ಗುಡ್ಡದ ನೆತ್ತಿಯ ಹಾಸುಬಂಡೆ. ಬೈಕಿನಲ್ಲಿ 20 ನಿಮಿಷ. ನಾಲ್ಕೂ ದಿಕ್ಕು ಕಾಣುತ್ತದೆ.

ಯಾವುದು ಸರಿ? ಆರಿಸುವಾಗ ಏನೇನು ನೋಡಬೇಕು?

ದರಕುಹಾಸು

ಕಣ್ಣು ಮುಚ್ಚಿ "ಅ" ಹಿಡಿಯಿರಿ. ಕಾರಣ ದೂರ. ಆಶ್ಲೇಷ ಮಳೆ ಹೊಡೆಯುವಾಗ ಬೆಳಿಗ್ಗೆ ಆರಕ್ಕೆ ಎದ್ದು ಒಂದು ತಾಸು ನಡೆದು ಹೋಗಿ, ಒಂದು ತಾಸು ಕೂತು, ಮತ್ತೆ ಒಂದು ತಾಸು ನಡೆದು ಬರುವವರು ಎಷ್ಟು ವಾರ ಹೋದಾರು? ಮೊದಲ ತಿಂಗಳು ನಾಲ್ಕು ಸಲ, ಎರಡನೆಯದರಲ್ಲಿ ಎರಡು, ಆಮೇಲೆ ಹಬ್ಬಕ್ಕೊಮ್ಮೆ. ದಾಖಲೆ ಬಿಟ್ಟುಹೋಗುವುದು ಎಲ್ಲಿ ಬೇಕಾದಲ್ಲಿ ಅಲ್ಲ, ಸರಿಯಾಗಿ ಎರಡು ಕಡೆ: ಜುಲೈ–ಆಗಸ್ಟ್‌ನ ಜಡಿಮಳೆಯಲ್ಲಿ, ಇನ್ನೊಂದು ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ. ಕೌಲು ಎಲೆ ಕೆಂಪಾಗಿ ಉದುರಿ ಬೋಳಾಗೋದಕ್ಕೆ ಎರಡು ಮೂರು ವಾರ ಸಾಕು. ಒಂದೇ ಸಮ ಎರಡು ವಾರ ತಪ್ಪಿದರೆ ಮರ ಹಸಿರಿದ್ದದ್ದು ಗೊತ್ತು, ಬೋಳಾದದ್ದು ಗೊತ್ತು, ನಡುವಿನದ್ದು ಗೊತ್ತಿಲ್ಲ. ಹದಿನೈದು ನಿಮಿಷಕ್ಕಿಂತ ದೂರದ ಜಾಗ ಬೇಡವೇ ಬೇಡ.

ಆದರೆ ಸೊಪ್ಪಿನ ಬೆಟ್ಟಕ್ಕೆ ಅದರದ್ದೇ ಆದ ತೊಡಕು ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಟ್ಟದ ಮರಗಳನ್ನು ತೋಟದ ಸೊಪ್ಪಿಗೆ ಕಡಿಯುತ್ತಾರೆ. ಟೊಂಗೆ ಸವರಿದ ಮತ್ತಿ ಆ ವರ್ಷ ಹೂ ಬಿಡದೇ ಇರಬಹುದು, ಚಿಗುರಂತೂ ಹೊತ್ತಲ್ಲದ ಹೊತ್ತಿನಲ್ಲಿ ಒಡೆಯುತ್ತದೆ. ನಿಮ್ಮ ಪುಸ್ತಕದಲ್ಲಿ "ಈ ವರ್ಷ ಮತ್ತಿಗೆ ಹೂವೇ ಇಲ್ಲ" ಅಂತ ಬರುತ್ತದೆ. ಅದು ಹವಾಮಾನದ ಕಥೆಯಲ್ಲ, ಕತ್ತಿಯ ಕಥೆ. ಬುಡದಿಂದ ಮೇಲಕ್ಕೆ ನೋಡಿ: ಕಾಂಡದುದ್ದಕ್ಕೂ ಗಂಟುಗಂಟಾಗಿದ್ದು, ಟೊಂಗೆಗಳೆಲ್ಲ ಹೆಬ್ಬೆರಳಿನಿಂದ ಮಣಿಕಟ್ಟಿನಷ್ಟೇ ದಪ್ಪ ಇದ್ದರೆ ಅದು ಸವರುವ ಮರ. ತೋಳು ಗಾತ್ರದ ಹಳೆ ಟೊಂಗೆ ಇದ್ದು ತಲೆ ಹರಡಿದ್ದರೆ ಬಿಟ್ಟ ಮರ. ಬಿಟ್ಟ ಮರಗಳು ಆರೇಳಾದರೂ ಒಟ್ಟಿಗೆ ಇರುವ ಮೂಲೆ ಹುಡುಕಿ, ಮನೆಯವರಿಗೂ ಸೊಪ್ಪು ಕಡಿಯೋರಿಗೂ ಒಂದು ಮಾತು ಹೇಳಿಡಿ.

ಎರಡನೆಯದು ದರಕು, ಅಂದರೆ ಉದುರಿದ ಒಣ ಎಲೆ. ಬೇಸಿಗೆಗೆ ಮುಂಚೆ ಬೆಟ್ಟದ ದರಕು ಗುಡಿಸಿ ಒಯ್ದು ಕೊಟ್ಟಿಗೆಗೆ, ತೋಟಕ್ಕೆ ಹಾಕುತ್ತಾರಲ್ಲ, ಆ ನೆಲದಲ್ಲಿ ಹುಳವಿಲ್ಲ, ಹುಳವಿಲ್ಲದಲ್ಲಿ ನೆಲ ಕೆದಕುವ ಹಕ್ಕಿಯಿಲ್ಲ. ನವರಂಗ ಹಕ್ಕಿ ಚಳಿಗಾಲಕ್ಕೆ ಇತ್ತ ಬರುತ್ತದೆ, ಅದಕ್ಕೆ ಬೇಕಾದದ್ದು ಕೊಳೆಯುವ ದರಕಿನ ಹಾಸು. ನೀವು ಕೂರುವ ಕಡೆ ಸುತ್ತ 20 ಮೀಟರ್ ಜಾಗವನ್ನು ಈ ವರ್ಷ ಗುಡಿಸದೆ ಬಿಡಿಸಿ.

ನೆತ್ತಿಯ ಬಂಡೆ ಬಗ್ಗೆ ಎರಡೇ ಮಾತು. ಅಲ್ಲಿ ಕಾಣುವುದು ನೋಟ, ಕಾಡಲ್ಲ. ಮಳೆಗಾಲದಲ್ಲಿ ಮೂರು ತಿಂಗಳು ಮಂಜು, ಸಿಡಿಲು. ಬೇಸಿಗೆಯಲ್ಲಿ ಎಂಟು ಗಂಟೆಗೇ ಕಲ್ಲು ಕಾಯುತ್ತದೆ.

ಸಿಳ್ಳಾರ

ದರಕಿನವರು ಹೇಳಿದ್ದು ಸರಿ, "ಅ" ನನ್ನ ಮತವೂ ಹೌದು. ಆದರೆ ಬೆಟ್ಟ ಅಂದರೆ ಹತ್ತಾರು ಎಕರೆ. ಅದರೊಳಗೆ ಎಲ್ಲಿ ಅನ್ನುವುದೇ ಮುಖ್ಯ.

ಇಳಿಜಾರಿನ ನಡುವೆ ಕೂರಿ, ತಳದಲ್ಲಲ್ಲ. ಸಮತಟ್ಟು ನೆಲದಲ್ಲಿ ಕೂತರೆ 25 ಮೀಟರ್ ಎತ್ತರದ ನಂದಿಯ ತಲೆ ನೋಡಲು ಕತ್ತು ಮುರಿಯಬೇಕು, ಎಲೆಯ ಅಡಿಭಾಗ ಬಿಟ್ಟು ಬೇರೇನೂ ಕಾಣದು. ಇಳಿಜಾರಿನಲ್ಲಾದರೆ ಕೆಳಗಿನ ಮರಗಳ ನೆತ್ತಿ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಹೂವು, ಮಿಡಿ, ಹಣ್ಣು ತಿನ್ನಲು ಬಂದ ಕುಟ್ರ, ಮಂಗಟ್ಟೆ ಎಲ್ಲ ನೇರ ಎದುರಿಗೆ. ದುರ್ಬೀನು 8×42 ಇದ್ದರೆ ಸಾಕು. ಕಾಡಿನ ಅರೆಬೆಳಕಿನಲ್ಲಿ 10×25ರ ಪುಟಾಣಿ ದುರ್ಬೀನು ಕತ್ತಲೆ ತೋರಿಸುತ್ತದೆ ಅಷ್ಟೇ.

ಮುಖ ಯಾವ ಕಡೆ? ಬೆಳಿಗ್ಗೆ ಕೂರುವವರಿಗೆ ಪೂರ್ವಕ್ಕೆ ಮುಖ ಮಾಡಿದರೆ ಎಲ್ಲ ಹಕ್ಕಿಯೂ ಕಪ್ಪು. ಬಿಸಿಲು ಬೆನ್ನಿಗಿರಬೇಕು ಅಂತ ಪಶ್ಚಿಮಕ್ಕೆ ತಿರುಗಿದರೆ ಮಳೆಗಾಲದ ಗಾಳಿ ಮುಖಕ್ಕೆ ರಾಚುತ್ತದೆ. ಉತ್ತರಕ್ಕೆ, ಇಲ್ಲವೇ ತುಸು ವಾಯವ್ಯಕ್ಕೆ ಮುಖ ಮಾಡಿ ಕೂರುವ ಜಾಗ ಸಿಕ್ಕಿದರೆ ಎರಡೂ ಕೆಲಸ ಆಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು, ಜೂನಿನಲ್ಲಿ ಅಷ್ಟೇ ಉತ್ತರಕ್ಕೆ ಸರಿದು. ಅಂದರೆ ಚಳಿಗಾಲದ ಸ್ವಚ್ಛ ಬೆಳಕು ಬಲ ಬೆನ್ನಿನ ಕಡೆಯಿಂದ ಬರುತ್ತದೆ. ಜೂನ್–ಜುಲೈಯಲ್ಲಿ ಸೂರ್ಯ ಬಲಗಣ್ಣಿನ ಮುಂದೆ ಬಂದರೂ ಮೋಡ ಇರುವುದರಿಂದ ತೊಂದರೆಯಿಲ್ಲ, ಮಳೆಗಾಳಿ ಎಡ ಬೆನ್ನಿಗೆ. ಬೆನ್ನ ಹಿಂದೆ ಒಂದು ಧರೆಯೋ ದಪ್ಪ ಕಾಂಡವೋ ಇದ್ದರೆ ಇನ್ನೂ ಒಳ್ಳೆಯದು. ನಿಮ್ಮ ಆಕಾರ ಅದರಲ್ಲಿ ಕರಗುತ್ತದೆ.

ಪೂರ್ವದ ಗುಡ್ಡ ಎಷ್ಟು ಎತ್ತರ ಅಂತಲೂ ಅಳೆಯಿರಿ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದು ಸುಮಾರು 10 ಡಿಗ್ರಿ. ಗುಡ್ಡ ಒಂದು ಮುಷ್ಟಿ ಎತ್ತರ ಇದ್ದರೆ ಬಿಸಿಲು ಬೀಳುವುದು ಮುಕ್ಕಾಲು ಗಂಟೆ ತಡ. ಎರಡು ಮುಷ್ಟಿಯಾದರೆ ಒಂದೂವರೆ ಗಂಟೆ. ಬಿಸಿಲು ತಡವಾದರೆ ಚಿಟ್ಟೆ ತಡ, ಹಕ್ಕಿಗಳ ಮಿಶ್ರ ತಂಡವೂ ತಡ. ಕೂರುವ ಹೊತ್ತನ್ನು ಗಡಿಯಾರಕ್ಕಲ್ಲ, ಆ ಜಾಗದ ಬಿಸಿಲಿಗೆ ಹೊಂದಿಸಿ.

ಕೊನೆಯದು ಶಬ್ದ. ಹಳ್ಳದ ಪಕ್ಕ ಕೂರುವ ಆಸೆ ಎಲ್ಲರಿಗೂ ಇದೆ. ಜುಲೈಯಲ್ಲಿ ಹಳ್ಳ ಮೊರೆಯುವಾಗ ಹತ್ತು ಮಾರಿನಾಚೆಯ ಕಾಜಾಣವೂ ಕೇಳದು. ಮಳೆಗಾಲದಲ್ಲಿ ಕಣ್ಣಿಗಿಂತ ಕಿವಿಯೇ ಕೆಲಸ ಮಾಡುವುದು. ನಮ್ಮ ಸಿಳ್ಳಾರದ ಹಾಡು ಕೇಳಿಬರುವುದೂ ಆಗಲೇ. ಹಳ್ಳದಿಂದ ಕನಿಷ್ಠ 40–50 ಹೆಜ್ಜೆ ದೂರ, ಸಾಧ್ಯವಾದರೆ ನಡುವೆ ಒಂದು ಸಣ್ಣ ದಿಬ್ಬ ಅಡ್ಡ ಇರುವ ಹಾಗೆ ಕೂರಿ.

ನೀರಗುಂಟ

ಹಳ್ಳದಿಂದ ದೂರ ಕೂರಿ ಅನ್ನುವುದಕ್ಕೆ ಇನ್ನೊಂದು ಕಾರಣ ಸೇರಿಸುತ್ತೇನೆ. ಈಗ ನೋಡುವಾಗ ಒಣಗಿ ಬಿದ್ದಿರುವ ಹರಿವು ಆರಿದ್ರಾ ಮಳೆಗೆ ಎಲ್ಲಿವರೆಗೆ ಏರುತ್ತದೆ ಅಂತ ಹೊಸಬರಿಗೆ ಅಂದಾಜಾಗುವುದಿಲ್ಲ. ಆದರೆ ಗುರುತು ಅಲ್ಲೇ ಇರುತ್ತದೆ. ಪೊದೆಯ ಟೊಂಗೆಗಳಲ್ಲಿ ಹರಿವಿನ ದಿಕ್ಕಿಗೆ ಬಾಗಿ ಸಿಕ್ಕಿಕೊಂಡ ಒಣ ಎಲೆ, ಕಡ್ಡಿ, ಪ್ಲಾಸ್ಟಿಕ್ ಚೂರು. ಬಂಡೆಯ ಮೇಲೆ ಪಾಚಿ ಬಣ್ಣ ಬದಲಾಗುವ ಗೆರೆ. ಮಣ್ಣು ತೊಳೆದುಹೋಗಿ ಬತ್ತಲಾದ ಬೇರು. ಇವುಗಳಲ್ಲಿ ಅತಿ ಎತ್ತರದ ಗುರುತಿಗಿಂತ ಇನ್ನೂ ಒಂದು ಆಳು ಮೇಲೆ ನಿಮ್ಮ ಜಾಗ ಇರಲಿ.

ಹಾಗಂತ ನೀರು ಲೆಕ್ಕಕ್ಕೇ ಬೇಡ ಅಂತಲ್ಲ. ಹೋಗುವ ದಾರಿಯಲ್ಲಿ ಹಳ್ಳದ ಒಂದು ಗುಂಡಿ ಆರಿಸಿಕೊಳ್ಳಿ, ಪ್ರತಿ ವಾರ ಒಂದೇ ಕಲ್ಲಿಗೆ ನೀರು ಎಲ್ಲಿ ಮುಟ್ಟಿದೆ ಅಂತ ಗೇಣಿನಲ್ಲೋ ಸೆಂಟಿಮೀಟರಿನಲ್ಲೋ ಬರೆಯಿರಿ. ಹರಿವು ನಿಂತ ವಾರ, ಗುಂಡಿ ಬತ್ತಿದ ವಾರ, ಮೊದಲ ನೀರು ಬಂದ ವಾರ ಈ ಮೂರು ತಾರೀಖು ಹತ್ತು ಪುಟದ ವರ್ಣನೆಗಿಂತ ಬೆಲೆಯುಳ್ಳದ್ದು. ಬೇಸಿಗೆಯಲ್ಲಿ ಕೊನೆಯ ಗುಂಡಿ ಎಲ್ಲಿ ಉಳಿಯುತ್ತದೋ ಅಲ್ಲಿಗೇ ಸುತ್ತಿನ ಪ್ರಾಣಿಗಳೆಲ್ಲ ಬರುತ್ತವೆ. ಆದ್ದರಿಂದಲೇ ಅದರ ಬಾಯಲ್ಲಿ ಕೂರಬಾರದು. ನೀವು ಕೂತಷ್ಟು ಹೊತ್ತು ಅವಕ್ಕೆ ನೀರಿಲ್ಲ.

ಜಡ್ಡಿಯ ವಿಷಯ. ರಾಮಪತ್ರೆ ಜಡ್ಡಿಯ ನೆಲ ತುಂಬ ಮಂಡಿಬೇರುಗಳು. ಉಸಿರಾಟಕ್ಕೆ ಮರ ಮೇಲಕ್ಕೆ ಬಿಟ್ಟ ಬೇರು ಅವು. ವಾರವಾರ ಒಂದೇ ದಾರಿಯಲ್ಲಿ ತುಳಿದರೆ ಬೇರಿನ ಸಿಪ್ಪೆ ಸುಲಿಯುತ್ತದೆ, ಕೆಸರು ಗಟ್ಟಿಯಾಗುತ್ತದೆ, ಸಸಿಗಳು ಏಳುವುದಿಲ್ಲ. ಅಂಥ ತೊರೆಗಳಲ್ಲೇ ಕುಂಬಾರ ಕಪ್ಪೆ ಇರುವುದು. ಗಂಡು ಕಪ್ಪೆ ತತ್ತಿಗೆ ಮುಂಗಾಲಿನಿಂದ ಕೆಸರು ಮೆತ್ತುತ್ತದೆ, ಹೆಸರು ಬಂದದ್ದೇ ಅದರಿಂದ. ವಿಜ್ಞಾನಕ್ಕೆ ಅದು ಹೊಸ ಪ್ರಭೇದ ಅಂತ ವಿವರಣೆ ಪ್ರಕಟವಾದದ್ದು 2014ರಲ್ಲಿ, ಅಂದರೆ ಮೊನ್ನೆ ಮೊನ್ನೆ. ತತ್ತಿ ಇಡುವುದು ಮಳೆಗಾಲದಲ್ಲಿ, ತೊರೆಯಂಚಿನ ಕಲ್ಲು ಕಡ್ಡಿಗಳ ಮೇಲೆ, ಸರಿಯಾಗಿ ನಮ್ಮ ಕಾಲು ಬೀಳುವ ಕಡೆ.

ಮತ್ತೊಂದು, ಜಡ್ಡಿಗಳು ಹೆಚ್ಚಿನವು ಕಾಯ್ದಿಟ್ಟ ಅರಣ್ಯದೊಳಗೆ ಇವೆ. ಕತ್ತಲೆಕಾನಿನ ಸುತ್ತ ಸಿಂಗಳೀಕಕ್ಕಾಗಿಯೇ ಕಾಡು ಕಾಯ್ದಿಟ್ಟಿದ್ದಾರೆ. ವಲಯ ಅರಣ್ಯ ಕಚೇರಿಯ ಒಪ್ಪಿಗೆ ಇಲ್ಲದೆ ವಾರವಾರ ಹೋಗುವ ಜಾಗ ಅದಲ್ಲ.

ಉಂಬಳಸಂಘ

ಎಲ್ಲರೂ ಬೆಳಕು, ಗಾಳಿ ಮಾತಾಡುತ್ತಿದ್ದೀರಿ. ಸಿದ್ದಾಪುರ ಅಂದಮೇಲೆ ಮೊದಲು ಕೇಳಬೇಕಾದದ್ದು ಉಣುಗು (ಉಣ್ಣೆ).

ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ನಿಮ್ಮಲ್ಲಿಂದ ಎಷ್ಟು ದೂರ? ಸಿದ್ದಾಪುರದ ಕಡೆ 2024ರಲ್ಲೂ ಕಾಣಿಸಿಕೊಂಡಿತು. ಕಾಯಿಲೆಯ ಕಾಲ ಹೆಚ್ಚುಕಡಿಮೆ ನವೆಂಬರಿನಿಂದ ಮೇವರೆಗೆ. ಹರಡುವುದು ಹೆಚ್ಚಾಗಿ ಎಳೆ ಉಣುಗಿನಿಂದ, ಗಸಗಸೆಗಿಂತ ಸ್ವಲ್ಪ ದೊಡ್ಡದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅವು ಇರುವುದು ಒಣ ದರಕಿನಲ್ಲಿ, ಮೊಣಕಾಲೆತ್ತರದ ಗಿಡಗಳಲ್ಲಿ. ಅಂದರೆ "ಕಾಡಲ್ಲಿ ಒಂದು ತಾಸು ಸುಮ್ಮನೆ ನೆಲದ ಮೇಲೆ ಕೂತಿರಿ" ಅನ್ನುವುದು ಅವಕ್ಕೆ ಊಟಕ್ಕೆ ಕರೆದ ಹಾಗೆ.

ಹಾಗಾಗಿ: ನೆಲದ ಮೇಲೆ ಕೂರಬೇಡಿ, ಬಿದ್ದ ದಿಮ್ಮಿಯ ಮೇಲೂ ಬೇಡ. ಒಂದೂವರೆ ಅಡಿ ಎತ್ತರದ ಮಡಚುವ ಸ್ಟೂಲ್ ಒಯ್ಯಿರಿ. ಸ್ಟೂಲಿನ ಸುತ್ತ ಒಂದು ಮಾರಿನಷ್ಟು ಮಾತ್ರ ದರಕು ಸರಿಸಿ ಮಣ್ಣು ಬತ್ತಲೆ ಮಾಡಿ. ದರಕಿನವರು ಹೇಳಿದ 20 ಮೀಟರಿನೊಳಗೆ ಅಷ್ಟು ಹೋದರೆ ನವರಂಗಕ್ಕೇನೂ ನಷ್ಟವಿಲ್ಲ. ತುಂಬುತೋಳಿನ ಅಂಗಿ, ಪ್ಯಾಂಟಿನ ಕಾಲು ಸಾಕ್ಸಿನೊಳಗೆ, ಬಟ್ಟೆ ತಿಳಿಬಣ್ಣದ್ದು, ಉಣುಗು ಹರಿದರೆ ಕಾಣಲಿ ಅಂತ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಬತ್ತಲಿರುವ ಕೈಕಾಲಿಗೆ ಹಚ್ಚಿ. ಮನೆಗೆ ಬಂದವರು ಬಟ್ಟೆಯನ್ನು ಕೋಣೆಯೊಳಗೆ ತೂಗುಹಾಕಬೇಡಿ, ನೇರ ಬಿಸಿನೀರಿಗೆ. ಸ್ನಾನದಲ್ಲಿ ಕಂಕುಳು, ಮೊಣಕಾಲಿನ ಹಿಂದೆ, ಸೊಂಟದ ಪಟ್ಟಿಯ ಜಾಗ ನೋಡಿಕೊಳ್ಳಿ. ಕಚ್ಚಿದ ಮೇಲೆ 3ರಿಂದ 8 ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ತಿಳಿಸಿ, ಇನ್ನು ಹೋಗಬಹುದು ಅಂತ ಅವರು ಹೇಳುವವರೆಗೆ ಆ ಜಾಗ ಬಂದ್. ಒಂದು ವರ್ಷದ ದಾಖಲೆಯಲ್ಲಿ ಎರಡು ತಿಂಗಳು ಹೋದರೆ ಹೋಯಿತು.

ಉಂಬಳದಿಂದ (ಜಿಗಣೆ) ಪ್ರಾಣ ಹೋಗುವುದಿಲ್ಲ, ಮಾನ ಅಷ್ಟೇ. ದಪ್ಪ ಬಟ್ಟೆಯ ಉಂಬಳದ ಕಾಲುಚೀಲ, ಅದರ ಮೇಲೆ ಹೊಗೆಸೊಪ್ಪಿನ ನೀರು ಅಥವಾ ಸುಣ್ಣ. ಕಚ್ಚಿದ್ದನ್ನು ಎಳೆಯದೆ ಉಗುರಿನಿಂದ ಬದಿಗೆ ಸರಿಸಿ ಬಿಡಿಸಿ.

ಈಗ ತಲೆಯ ಮೇಲೆ ನೋಡಿ. ಜಾಗ ಖಾಯಂ ಮಾಡುವ ಮುಂಚೆ ಇವು ಇವೆಯೇ ಅಂತ ಪರೀಕ್ಷಿಸಿ. ಒಣಗಿ ನಿಂತ ಟೊಂಗೆ: ಮಳೆಗೆ ನೀರು ಕುಡಿದು ಭಾರವಾಗಿ, ಗಾಳಿಯಿಲ್ಲದ ದಿನವೂ ಬೀಳುತ್ತದೆ. ಹೆಜ್ಜೇನಿನ ಮರ: ಈಗ ಖಾಲಿ ಇದ್ದರೂ ಟೊಂಗೆಯಡಿ ಹಳೆಯ ಮೇಣದ ಅರ್ಧಚಂದ್ರ ಗುರುತಿದ್ದರೆ ಮಳೆ ಮುಗಿದ ಮೇಲೆ ಅದೇ ಮರಕ್ಕೆ ಮತ್ತೆ ಬರುತ್ತವೆ. ಹೊಲಗೇರು ಮರ: ಸೊನೆ ಮೈ ಸುಡುತ್ತದೆ, ಅದರಡಿ ಮಳೆಹನಿ ಬಿದ್ದರೂ ಕೆಲವರಿಗೆ ಗುಳ್ಳೆ ಏಳುತ್ತದೆ. ನಸುಗುನ್ನಿ ಬಳ್ಳಿ: ಮಳೆಗಾಲದಲ್ಲಿ ಪಾಪದ್ದು, ಕಾಯಿ ಒಣಗಿದ ಮೇಲೆ ಗಾಳಿ ಬೀಸಿದ ಕಡೆಯೆಲ್ಲ ತುರಿಕೆ. ಚಗಳಿ ಇರುವೆಯ ಗೂಡು ಕಂಡರೆ ಅಷ್ಟು ಹೆದರಬೇಕಿಲ್ಲ, ನಾಲ್ಕು ಹೆಜ್ಜೆ ಸರಿದರಾಯಿತು.

ಸೊಂಟದೆತ್ತರದ ಪೊದೆ, ಬಳ್ಳಿಗಳ ಮೇಲೆ ಮಳೆಗಾಲದಲ್ಲಿ ಗುಳಿಮಂಡಲ ಹಾವು ಸುತ್ತಿಕೊಂಡು ಗಂಟೆಗಟ್ಟಲೆ ಅಲುಗದೆ ಕೂತಿರುತ್ತದೆ, ಎಲೆಯ ಬಣ್ಣ, ಪಾಚಿಯ ಬಣ್ಣ, ಕಂದು ಯಾವುದಾದರೂ ಆಗಬಹುದು. ಕೂರುವ ಮುಂಚೆ ಕೋಲಿನಿಂದ ಸುತ್ತ ಒಮ್ಮೆ ತಟ್ಟಿ, ಟೊಂಗೆ ಹಿಡಿದು ಏಳುವ ಅಭ್ಯಾಸ ಬಿಡಿ.

ಬಯಲುಸೀಮೆ

ಮಲೆನಾಡಿನವರು ಮಾತಾಡಿದ್ದು ಚೆನ್ನಾಗಿದೆ ಸ್ವಾಮಿ, ಆದರೆ ಇದನ್ನು ಓದಿ ತುಮಕೂರು, ಚಿತ್ರದುರ್ಗದ ಕಡೆಯವರು ಹಾಗೇ ಮಾಡಲು ಹೊರಟರೆ ಕೆಲವು ಕಡೆ ಎಡವುತ್ತಾರೆ. ದೇವರಾಯನದುರ್ಗ, ಜೋಗಿಮಟ್ಟಿ ಅಂಥ ಎಲೆ ಉದುರುವ ಕುರುಚಲು ಕಾಡಿನಲ್ಲಿ ಲೆಕ್ಕ ಬೇರೆ.

ಒಂದು, ಇಲ್ಲಿ ಕಣ್ಣಿಗೆ ಅಡ್ಡ ಬರುವುದು ಮರವಲ್ಲ, ಲಂಟಾನ. ಮಾರ್ಚ್‌ನಲ್ಲಿ 60 ಮೀಟರ್ ಕಾಣುವ ಜಾಗ ಅಕ್ಟೋಬರಿನಲ್ಲಿ ಎಂಟು ಮೀಟರ್ ಕಾಣುತ್ತದೆ. ಎರಡು, ನೆರಳಿಗೆ ಅಂತ ಮರ ನಂಬಬೇಡಿ. ದಿಂಡಿಗ, ಕಮರ ಎಲ್ಲ ಬೇಸಿಗೆಗೆ ಬೋಳು. ಆಲ, ಬಸರಿ, ಹುಣಸೆಯಂಥ ಒಂದು ಮರದ ನೆರಳು ಹತ್ತಿರ ಇರಬೇಕು. ಮೂರು, ಕರಡಿ. ದೊಡ್ಡ ಗುಂಡುಗಳ ಸಂದು, ಹೊಸದಾಗಿ ಕೆದಕಿದ ಹುತ್ತ, ಹೂ ಬಿಟ್ಟ ಇಪ್ಪೆ ಮರ ಈ ಮೂರರ ಹತ್ತಿರ ಮುಂಜಾನೆ ಮಬ್ಬಿನಲ್ಲಿ ಕೂರಬಾರದು. ಬೆಳಕು ಪೂರ್ತಿ ಹರಿದ ಮೇಲೆ ಹೋಗಿ, ಸುತ್ತ 30 ಮೀಟರ್ ಬಯಲು ಕಾಣುವಂತಿರಲಿ. ಬೆನ್ನ ಹಿಂದೆ ಮರೆ ಇದ್ದರೆ ಒಳ್ಳೆಯದು ಅನ್ನುವ ಮಾತು ಮಾತ್ರ ಇಲ್ಲಿಗೆ ತರಬೇಡಿ.

ಬದಲಿಗೆ ಸಿಗುವುದೂ ಉಂಟು. ಮುತ್ತುಗ ಫೆಬ್ರವರಿ–ಮಾರ್ಚ್‌ನಲ್ಲಿ ಬೋಳು ಟೊಂಗೆಯ ತುಂಬ ಹೂ ಬಿಟ್ಟಾಗ, ಜಾಲಾರಿ ಘಮ್ಮೆನ್ನುವಾಗ ಎಲೆಯೇ ಅಡ್ಡವಿಲ್ಲ. ಒಂದೇ ಮುತ್ತುಗದ ಎದುರು ಅರ್ಧ ಗಂಟೆ ಕೂತರೆ ಸೂರಕ್ಕಿ, ಮೈನಾ, ಕಾಜಾಣ, ಗಿಳಿ, ಅಳಿಲು ಸರದಿಯಲ್ಲಿ ಬರುತ್ತವೆ. ನಿಮ್ಮ ಕಾನಿನಲ್ಲಿ ಇದೇ ನೋಟಕ್ಕೆ ಕತ್ತು ನೋಯಿಸಿಕೊಳ್ಳಬೇಕು.

ಬೆಟ್ಟದಂಚು

ಎಲ್ಲರಿಗೂ ಥ್ಯಾಂಕ್ಸ್. ಬೆಟ್ಟದೊಳಗೇ ಎರಡು ಮೂಲೆ ಅಳೆದೆ.

ಮೊದಲನೆಯದು: ಮನೆಯಿಂದ 9 ನಿಮಿಷ. ಉತ್ತರಕ್ಕೆ ಇಳಿಜಾರು. ಹಳ್ಳ 35 ಹೆಜ್ಜೆ ಕೆಳಗೆ. ಪೂರ್ವದ ಗುಡ್ಡ ಒಂದೂವರೆ ಮುಷ್ಟಿ. ಸವರದ ಮರ ನಾಲ್ಕು. ಪಕ್ಕದಲ್ಲೇ ಒಂದು ದೊಡ್ಡ ಬಿದಿರು ಮೆಳೆ, ಬೆನ್ನಿಗೆ ಒಳ್ಳೆಯ ಮರೆ.

ಎರಡನೆಯದು: 14 ನಿಮಿಷ. ಬ್ಯಾಣದ ಅಂಚು, ವಾಯವ್ಯಕ್ಕೆ ಇಳಿಜಾರು. ಹಳ್ಳ 80 ಹೆಜ್ಜೆ. ಗುಡ್ಡ ಒಂದು ಮುಷ್ಟಿಯೂ ಇಲ್ಲ. ಸವರದ ಮರ ಎಂಟು, ಅದರಲ್ಲೊಂದು ಬಸರಿ. ಒಂದು ಬದಿಗೆ ಇಲಾಖೆಯ ಅಕೇಶಿಯಾ ನೆಡುತೋಪು ಶುರು. ಕಾಡುಕೋಣದ ಗೊರಸಿನ ಗುರುತು ಬ್ಯಾಣದಲ್ಲಿ ಇದೆ.

ಯಾವುದು? ಮರ ಯಾವ್ಯಾವುದಕ್ಕೆ ಗುರುತು ಹಾಕಲಿ?

ಚಿಗುರುಪಟ್ಟಿ

ಎರಡನೆಯದು, ಮಾತೇ ಇಲ್ಲ. ಬಸರಿ ಒಂದೇ ಸಾಕು ಆ ಐದು ನಿಮಿಷದ ನಡಿಗೆಗೆ. ಮಿಕ್ಕ ಮರಗಳೆಲ್ಲ ವರ್ಷಕ್ಕೊಮ್ಮೆ ತಮ್ಮ ಕಾಲಕ್ಕೆ ಹಣ್ಣಾದರೆ, ಆಲ, ಬಸರಿ, ಅತ್ತಿ, ಗೋಳಿ ಜಾತಿಯವು ಒಂದೊಂದು ಮರ ಒಂದೊಂದು ತಿಂಗಳಿಗೆ ಹಣ್ಣು ಬಿಡುತ್ತವೆ. ಬಿಟ್ಟ ವಾರ ಮಂಗಟ್ಟೆ, ಕುಟ್ರ, ಪಿಕಳಾರ, ಹಸಿರು ಪಾರಿವಾಳ, ಕೆಂದಳಿಲು ಎಲ್ಲ ಅಲ್ಲೇ. ಇದಕ್ಕೆ ತಿಂಗಳು ಮುಂಚಿತವಾಗಿ ಹೇಳಲು ಬರುವುದಿಲ್ಲ, ವಾರವಾರ ಹೋಗುವವರಿಗೆ ಮಾತ್ರ ಸಿಗುತ್ತದೆ.

ಮೊದಲನೆಯದರ ಬಿದಿರು ಮೆಳೆಯನ್ನು ಬೆನ್ನಿಗೆ ನಂಬುವುದೂ ಬೇಡ. ಬಿದಿರು ಎಷ್ಟೋ ದಶಕಕ್ಕೊಮ್ಮೆ ಹೂ ಬಿಟ್ಟು ಇಡೀ ಮೆಳೆ ಸಾಯುತ್ತದೆ. ಹಾಗಾದ ವರ್ಷ ಬೆಳಕು, ನೆಲದ ಗಿಡ, ಹಕ್ಕಿ ಎಲ್ಲ ಬದಲಾಗಿ ಹಳೆಯ ದಾಖಲೆಗೆ ಹೋಲಿಕೆಯೇ ತಪ್ಪುತ್ತದೆ. ಅಕೇಶಿಯಾಕ್ಕೆ ಬೆನ್ನು ಹಾಕಿ ಕೂರಿ. ವರ್ಷವಿಡೀ ಒಂದೇ ಹಸಿರು, ಉದುರಿದ್ದು ಬೇಗ ಕೊಳೆಯುವುದಿಲ್ಲ, ನೋಡುವಂಥದ್ದೇನೂ ಇಲ್ಲ. ಆದರೆ ಕಡಿತಕ್ಕೆ ಯಾವ ವರ್ಷ ಇದೆ ಅಂತ ಅರಣ್ಯ ರಕ್ಷಕರನ್ನು ಕೇಳಿಡಿ. ಲಾರಿ, ಗರಗಸ ಬಂದರೆ ಆ ಋತು ಮುಗಿದಂತೆ.

ಮರ ಆರಿಸುವಾಗ ಒಂದೇ ಜಾತಿಯ ಒಂದೇ ಮರ ಸಾಲದು, ಮುಖ್ಯವಾದ ಎರಡು ಮೂರು ಜಾತಿಗಾದರೂ ಮೂರು ಮೂರು ಮರ ಇರಲಿ. ಪಕ್ಕಪಕ್ಕದ ಎರಡು ಮತ್ತಿಗಳೇ ಚಿಗುರುವುದರಲ್ಲಿ ಎರಡು ವಾರ ಹಿಂದುಮುಂದಾಗುತ್ತವೆ. ಎಳೆ ಮರ ಬೇಡ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ 70 ಸೆಂಟಿಮೀಟರಿಗಿಂತ ಹೆಚ್ಚಿರಲಿ, ಇಲ್ಲವಾದರೆ ಹೂವಿಗಾಗಿ ವರ್ಷಗಟ್ಟಲೆ ಕಾಯಬೇಕಾದೀತು.

ತಿಂಗಳಿಗೊಂದಾದರೂ ಸುದ್ದಿ ಕೊಡುವ ಹಾಗೆ ಮರಗಳನ್ನು ಜೋಡಿಸಿಕೊಳ್ಳಿ. ಜನವರಿ–ಫೆಬ್ರವರಿಗೆ ಬೂರುಗದ ಹೂ, ಕೌಲು ಎಲೆಯ ಕೆಂಪು. ಮಾರ್ಚ್‌ಗೆ ಕೌಲು ಹೂ. ಅದು ರಾತ್ರಿ ಅರಳುವಂಥದ್ದು, ಬೆಳಿಗ್ಗೆ ಬುಡದಲ್ಲಿ ಉದುರಿದ ಕೇಸರಗಳ ಹಾಸು ನೋಡಿಯೇ ತಿಳಿಯಬೇಕು. ಸುರಗಿ ಇದ್ದರೆ ಕಣ್ಣಿಗಿಂತ ಮೂಗಿಗೆ ಮೊದಲು ಗೊತ್ತಾಗುತ್ತದೆ. ಏಪ್ರಿಲ್–ಮೇಗೆ ನಂದಿಯ ಬಿಳಿ ಹೂ, ಕಕ್ಕೆ, ಮುರುಗಲು ಹಣ್ಣು. ಮಳೆ ಹಿಡಿಯುವಾಗ ಮತ್ತಿ ಹೂ, ನೇರಳೆ ಹಣ್ಣು. ಆಗಸ್ಟ್‌ನಿಂದ ಅಕ್ಟೋಬರಿನವರೆಗೆ ಕಿಂದಳ. ಹೂ ಮುಗಿದ ಮೇಲೆ ಕಾಯಿ ತುಕ್ಕು ಬಣ್ಣಕ್ಕೆ ತಿರುಗಿ ಇಡೀ ಮರ ಕೆಂಪಾದಾಗ ಅದನ್ನೂ ಹೂ ಅಂತ ಬರೆದುಬಿಡುವವರು ಬಹಳ. ದುರ್ಬೀನಿನಲ್ಲಿ ಕಾಯಿಯ ರೆಕ್ಕೆ ನೋಡಿ ನಿರ್ಧರಿಸಿ.

ಇನ್ನೊಂದು ಸಾಮಾನ್ಯ ತಪ್ಪು: ಮುರುಗಲು, ಉಪ್ಪಾಗೆ, ರಾಮಪತ್ರೆ ಇವುಗಳಲ್ಲಿ ಗಂಡು ಮರ, ಹೆಣ್ಣು ಮರ ಬೇರೆ. ಗಂಡು ಮರ ಹಿಡಿದುಕೊಂಡು "ಎರಡು ವರ್ಷದಿಂದ ಕಾಯಿಯಿಲ್ಲ, ಜೇನು ಕಡಿಮೆಯಾಗಿದೆ" ಅಂತ ತೀರ್ಮಾನಕ್ಕೆ ಬರುವುದುಂಟು. ಬುಡದಲ್ಲಿ ಹಳೆಯ ಬೀಜ, ಸಿಪ್ಪೆ ಇದೆಯೇ ನೋಡಿ, ಊರಿನವರನ್ನು ಕೇಳಿ. ಕೊಯ್ಲು ಮಾಡುವವರಿಗೆ ಪ್ರತಿ ಮರದ ಜಾತಕ ಗೊತ್ತಿರುತ್ತದೆ.

ದಾಖಲೆ ಸರಳವಾಗಿರಲಿ. ಪ್ರತಿ ಮರಕ್ಕೆ ಏಳು ಮನೆ: ಚಿಗುರು, ಬಲಿತ ಎಲೆ, ಹಣ್ಣೆಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು. ಪ್ರತಿ ಮನೆಗೆ 0, 1 ಅಥವಾ 2. ಏನೂ ಇಲ್ಲದಿದ್ದರೆ 0, ಮರದ ತಲೆಯ ಮೂರನೇ ಒಂದು ಭಾಗದೊಳಗಿದ್ದರೆ 1, ಅದಕ್ಕೂ ಹೆಚ್ಚಿದ್ದರೆ 2. ಶೇಕಡಾ 35, 40 ಅಂತ ಬರೆಯಲು ಹೋಗಬೇಡಿ, ಎರಡು ವಾರ ಬಿಟ್ಟು ನೋಡಿದರೆ ನಿಮಗೇ ನಂಬಿಕೆ ಬರುವುದಿಲ್ಲ. ಮುಖ್ಯವಾಗಿ, ಇಲ್ಲದಿದ್ದರೆ 0 ಅಂತ ಬರೆಯಲೇಬೇಕು. ಖಾಲಿ ಬಿಟ್ಟ ಮನೆ ಅಂದರೆ ನೋಡಿಲ್ಲ ಅಂತ ಅರ್ಥ. ಸೀಸನ್‌ವಾಚ್ ಅನ್ನುವ ಯೋಜನೆಯೂ ವಾರಕ್ಕೊಮ್ಮೆ ಮರ ನೋಡಿ ದಾಖಲಿಸುವ ಕೆಲಸವನ್ನೇ ದೇಶದ ತುಂಬ ಸಾರ್ವಜನಿಕರಿಂದ ಮಾಡಿಸುತ್ತದೆ, ನಿಮ್ಮ ಪಟ್ಟಿಯನ್ನು ಅಲ್ಲಿಗೂ ಸೇರಿಸಬಹುದು.

ಗುರುತಿಗೆ ಮೊಳೆ ಬೇಡ. ತಂತಿ ಬಿಗಿದರೆ ಕಾಂಡ ದಪ್ಪವಾಗುತ್ತ ಸಿಪ್ಪೆ ಕತ್ತರಿಸುತ್ತದೆ. ಕೂರುವ ಜಾಗದಿಂದ ದಿಕ್ಕು, ಹೆಜ್ಜೆ ಎಣಿಸಿ ಒಂದು ನಕ್ಷೆ ಬರೆದರೆ ಹನ್ನೆರಡು ಮರಕ್ಕೆ ಧಾರಾಳ ಸಾಕು.

ಸಿಳ್ಳಾರ

ಚಿಗುರಕ್ಕಾ, ಎಲ್ಲ ಒಪ್ಪಿದೆ. ಆದರೆ ಹನ್ನೆರಡು ಮರ ಹೆಚ್ಚಾಯಿತು. ಹನ್ನೆರಡು ಮರಕ್ಕೆ ಏಳೇಳು ಮನೆ ಅಂದರೆ 84 ಗುರುತು. ಒಂದು ತಾಸಿನಲ್ಲಿ ಅರ್ಧ ಗಂಟೆ ಪಟ್ಟಿ ತುಂಬಿಸುವುದಕ್ಕೇ ಹೋಗುತ್ತದೆ, ಕೂತು ನೋಡುವುದು ಯಾವಾಗ? ಬಂದು ಕೂತ ಮೇಲೆ ಹಕ್ಕಿಗಳು ಮೊದಲಿನಂತಾಗಲು 15–20 ನಿಮಿಷ ಬೇಕು. ಆ ಹೊತ್ತಿನಲ್ಲಿ ಎದ್ದು ಓಡಾಡಿದರೆ ಮತ್ತೆ ಮೊದಲಿಂದ.

ಚಿಗುರುಪಟ್ಟಿ

ಓಡಾಡಬೇಕು ಅಂದವರು ಯಾರು? ಮರ ನೋಡುವ ಕೆಲಸ ವಾಪಸ್ ಬರುವಾಗ. ಮೊದಲು ಕೂರುವುದು, ಆಮೇಲೆ ಸುತ್ತು. ಬಿಸಿಲು ಏರಿದಾಗ ಎಲೆಯೂ ಚೆನ್ನಾಗಿ ಕಾಣುತ್ತದೆ. ಆದರೂ ಮೊದಲ ವರ್ಷಕ್ಕೆ ಎಂಟು ಅಂತ ರಾಜಿಯಾಗೋಣ. ಮೂರು ಮತ್ತಿ, ಎರಡು ನಂದಿ, ಕಿಂದಳ, ಕೌಲು, ಬಸರಿ.

ದರಕುಹಾಸು

ಕಾಡುಕೋಣದ ಗುರುತಿಗೆ ಯಾರೂ ಉತ್ತರ ಕೊಡಲಿಲ್ಲ. ಬ್ಯಾಣದ ಹುಲ್ಲಿಗೆ ಬರುತ್ತವೆ, ಸಹಜ. ಗುರುತು ಸಾಲಾಗಿ ಒಂದೇ ದಾರಿಯಲ್ಲಿದ್ದರೆ ಅದು ಅವುಗಳ ದಾರಿ. ಅದರಿಂದ 25–30 ಹೆಜ್ಜೆ ಒಳಗೆ ಸರಿದು, ನಡುವೆ ಒಂದೆರಡು ದಪ್ಪ ಮರ ಇರುವ ಹಾಗೆ ಕೂರಿ. ಹೊರಡಲು ಎರಡು ದಾರಿ ಇರಬೇಕು, ಒಂದೇ ದಾರಿಯಿದ್ದು ಅದರಲ್ಲೇ ಕೋಣ ನಿಂತರೆ ಅದು ಹೋಗುವವರೆಗೆ ನೀವೂ ಅಲ್ಲೇ. ಬ್ಯಾಣಕ್ಕೆ ಯಾರಾದರೂ ಸೋಲಾರ್ ಬೇಲಿ ಹಾಕಿದ್ದಾರೆಯೇ, ಹಂದಿಗೆ ಉರುಳು ಇಡುವ ಜಾಗವೇ ಅಂತಲೂ ಊರಲ್ಲಿ ವಿಚಾರಿಸಿ. ಮಬ್ಬಿನಲ್ಲಿ ಹೋಗುವವರು ನೀವು.

ಅಂಚಿನ ಜಾಗಕ್ಕೆ ಬೆಂಕಿಯ ಭಯವೂ ಉಂಟು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬ್ಯಾಣದ ಒಣ ಕರಡ ಹುಲ್ಲಿಗೆ ಕಿಡಿ ಬಿದ್ದರೆ ಇಳಿಜಾರಿನಲ್ಲಿ ಮೇಲಕ್ಕೆ ಓಡುತ್ತದೆ. ನೀವು ಗುಡಿಸದೆ ಬಿಟ್ಟ ದರಕು ಅದಕ್ಕೆ ತುಪ್ಪ. ಡಿಸೆಂಬರ್ ಕೊನೆಯೊಳಗೆ ಬ್ಯಾಣದ ಕಡೆಗೆ ಎರಡು ಮಾರು ಅಗಲ ಕೆತ್ತಿ ಬೆಂಕಿಗೆರೆ ಮಾಡಿಕೊಳ್ಳಿ.

ಬೆಟ್ಟದಂಚು

ಎರಡನೆಯದೇ ಖಾಯಂ. ಕೊನೆಯ ಎರಡು ಪ್ರಶ್ನೆ. ಮಳೆಯಲ್ಲಿ ಬರೆಯುವುದು ಹೇಗೆ? ಫೋಟೊ ಹೇಗೆ ತೆಗೆದಿಟ್ಟರೆ ವರ್ಷದ ಕೊನೆಗೆ ಹೋಲಿಸಲು ಬರುತ್ತದೆ?

ನೀರಗುಂಟ

ಫೋಟೊಗೆ ಒಂದು ಕಲ್ಲು ಹೂಳಿ, ಪ್ರತಿ ಸಲ ಅದರ ಮೇಲೆ ಎರಡೂ ಕಾಲು. ಫೋನು ಅಡ್ಡ ಹಿಡಿದು, ಝೂಮ್ ಇಲ್ಲದೆ, ಕಣ್ಣಿನೆತ್ತರದಲ್ಲಿ. ಚಿತ್ರದ ಎಡ ಅಂಚಿಗೆ ಯಾವುದೋ ಒಂದು ಕಾಂಡ, ಬಲಕ್ಕೆ ಇನ್ನೊಂದು ಅಂತ ನಿಗದಿ ಮಾಡಿ, ಮೊದಲ ಚಿತ್ರವನ್ನು ಮುದ್ರಿಸಿ ಪುಸ್ತಕಕ್ಕೆ ಅಂಟಿಸಿಕೊಂಡರೆ ಪ್ರತಿ ಸಲ ಅದಕ್ಕೇ ಹೊಂದಿಸಬಹುದು. ಮೂರೇ ಚಿತ್ರ: ಎದುರಿಗೆ, ನೆತ್ತಿಯ ಮೇಲಕ್ಕೆ, ಕಾಲ ಬಳಿಯ ಒಂದು ಮೀಟರ್ ಚೌಕದ ನೆಲಕ್ಕೆ. ನೆಲದ ಚಿತ್ರವನ್ನು ಎಲ್ಲರೂ ಬಿಡುತ್ತಾರೆ. ದರಕು ತೆಳುವಾಗುವುದು, ಅಣಬೆ, ಮೊಳಕೆ, ಗೆದ್ದಲಿನ ಮಣ್ಣು ಎಲ್ಲ ಅದರಲ್ಲೇ ಸಿಗುವುದು.

ಉಂಬಳಸಂಘ

ಬರೆಯುವುದಕ್ಕೆ ಪೆನ್ಸಿಲ್, 2ಬಿ. ಪೆನ್ನು ಜೂನಿನ ಮೊದಲ ವಾರವೇ ಪುಟ ಪೂರ್ತಿ ನೀಲಿ ಮಾಡುತ್ತದೆ. ಪುಸ್ತಕ ಅಂಗೈ ಅಗಲದ್ದು, ದಪ್ಪ ರಟ್ಟಿನದ್ದು, ದಪ್ಪ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಕೈ ಹಾಕಿ ಬರೆಯುವಷ್ಟು ಜಾಗವಿರಲಿ. ಮನೆಗೆ ಬಂದ ದಿನವೇ ದೊಡ್ಡ ಪುಸ್ತಕಕ್ಕೆ ಎತ್ತಿ ಬರೆಯಿರಿ, ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೂಸ್ಟು ಹಿಡಿಯುವುದಿಲ್ಲ.

ಕೊಡೆ ಬೇಡ, ಹನಿ ಬೀಳುವ ಸದ್ದಿಗೆ ಏನೂ ಕೇಳದು. ರೇನ್‌ಕೋಟು ಅಲುಗಿದರೆ ಚರಪರ. ಮನೆಯಲ್ಲಿ ಹಳೆಯ ಕಂಬಳಿ ಇದ್ದರೆ ಕೊಪ್ಪೆ ಮಾಡಿ ಹಾಕಿಕೊಳ್ಳಿ. ಸದ್ದಿಲ್ಲ, ಬೆಚ್ಚಗೆ, ಬಣ್ಣವೂ ಕಾಡಿನದ್ದೇ. ನೆನೆದ ಮೇಲೆ ಭಾರ, ಒಣಗಲು ಎರಡು ದಿನ. ವಾರಕ್ಕೊಮ್ಮೆ ಹೋಗುವವರಿಗೆ ಅಷ್ಟು ಸಮಯ ಉಂಟಲ್ಲ.